ಎಲ್ಲರೂ ಇಲ್ಲ ಎಂದಿದ್ದ ಡೈಎಂಟಮೀಬಾ ಕೊನೆಗೂ ಸಿಕ್ಕಿತು

ಡೈಎಂಟಮೀಬಾ ಫ್ರಾಜಿಲಿಸ್ ಎಂಬ ಕರುಳಿನ ಏಕಕೋಶ ಪರಾವಲಂಬಿ ನಮ್ಮ ಲ್ಯಾಬಿನ ಮಲದ ಸ್ಯಾಂಪಲ್‌ಗಳಲ್ಲಿ ಬರುವುದೇ ಇಲ್ಲ ಎಂದು ಜೊತೆಯವರು ಹೇಳುತ್ತಲೇ ಇದ್ದರು. ಹುಡುಕದೆ ಇಲ್ಲ ಎನ್ನುವುದು ಸುಲಭ ಅಲ್ವಾ? ಈಗ 100 ಸ್ಯಾಂಪಲ್ ನೋಡಿದರೆ ನನಗೆ ನಾಲ್ಕೈದರಲ್ಲಾದರೂ ಸಿಗುತ್ತದೆ.

ವೆಟ್ ಮೌಂಟ್ (ಹಸಿ ಮಲವನ್ನು ಹನಿ ದ್ರವದಲ್ಲಿ ಕಲಸಿ ಹಾಗೇ ನೋಡುವುದು) ನಂಬಿ ಕೂತರೆ ಆಗದು. ಲ್ಯಾಬಿಗೆ ಬರುವಷ್ಟರಲ್ಲಿ ಟ್ರೋಫೋಜಾಯಿಟ್, ಅಂದರೆ ಅದರ ಸಕ್ರಿಯ ರೂಪ, ಹಾಳಾಗಿರುತ್ತದೆ. ಅದಕ್ಕೇ ಎಸ್‌ಎಎಫ್ ಎಂಬ, ಸ್ಯಾಂಪಲ್ ಕೆಡದಂತೆ ಹಿಡಿದಿಡುವ ದ್ರಾವಣ ತುಂಬಿದ ಬಾಟಲಿಯನ್ನೇ ರೋಗಿಗಳ ಕೈಗೆ ಕೊಟ್ಟೆ. ಅವರು ಸರಿಯಾಗಿ ಕಲಸುವುದಿಲ್ಲ, ಸುಮ್ನೆ ದುಡ್ಡು ದಂಡ ಎಂದರು ಮೇಲಿನವರು. ರೋಗಿಗಳು ಚೆನ್ನಾಗಿಯೇ ಕಲಸಿ ತಂದರು.

ತೊಂದರೆ ಕೊಟ್ಟಿದ್ದು ಸ್ಟೇನ್, ಅಂದರೆ ಸ್ಲೈಡಿಗೆ ಹಾಕುವ ಬಣ್ಣ. ಎಸ್‌ಎಎಫ್ ಸ್ಯಾಂಪಲ್ ಮೇಲೆ ಟ್ರೈಕ್ರೋಮ್ ಸ್ಟೇನ್ ಮಂಕಾಗಿ ಬಂತು. ಸ್ಮಿಯರ್ (ತೆಳುವಾಗಿ ಸವರಿದ ಸ್ಯಾಂಪಲ್) ಸ್ಲೈಡಿಗೆ ಅಂಟದೆ ತೊಳೆದುಹೋಗುತ್ತಿತ್ತು. ಹೆಚ್ಚುಕಡಿಮೆ ಎರಡು ಬಾಟಲಿ ಸ್ಟೇನ್ ಹೀಗೇ ಹಾಳಾಯಿತು, ಮತ್ತೆ ತರಿಸಲು ಒಪ್ಪಿಗೆ ಸಿಗಲು ತಿಂಗಳುಗಟ್ಟಲೆ ಕಾದೆ. ಸ್ಲೈಡಿಗೆ ಅಂಟಿನಂತೆ ಅಲ್ಬುಮಿನ್ ಸವರಿದ ಮೇಲೆ ಸ್ಮಿಯರ್ ನಿಂತಿತು. ಐರನ್ ಹೆಮಟಾಕ್ಸಿಲಿನ್ ಎಂಬ ಬೇರೆ ಸ್ಟೇನಿಗೆ ಬದಲಾಯಿಸಿದ ಮೇಲೆ ಎರಡು ನ್ಯೂಕ್ಲಿಯಸ್, ಒಳಗೆ ಚೂರುಚೂರಾದ ಕ್ಯಾರಿಯೋಸೋಮ್ ಎಂಬ ಕಪ್ಪು ಚುಕ್ಕೆ, ಎಲ್ಲ ಕಡ್ಡಿ ಮುರಿದ ಹಾಗೆ ಸ್ಪಷ್ಟ. ಒಂದೇ ನ್ಯೂಕ್ಲಿಯಸ್ ಇರುವುದನ್ನು ಎಂಡೋಲಿಮ್ಯಾಕ್ಸ್ (ನಿರಪಾಯದ ಒಂದು ಅಮೀಬಾ) ಎಂದು ಬರೆದುಬಿಡುವುದು ಸುಲಭ. ನಾನು ಮೊದಲು ಎರಡಿರುವುದನ್ನೇ ಹುಡುಕುತ್ತೇನೆ. ಡಿಸ್ಟೇನ್ (ಹೆಚ್ಚಾದ ಬಣ್ಣ ತೆಗೆಯುವುದು) ಎಲ್ಲಿ ನಿಲ್ಲಿಸಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕೈಚಳಕ. ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ತರಿಸಿದರೆ ಸಿಗುವುದು ಇನ್ನೂ ಜಾಸ್ತಿ. ಪಿಸಿಆರ್ ಕಿಟ್ ಒಂದರ ದುಡ್ಡಿನಲ್ಲಿ ನನ್ನ ಸ್ಟೇನ್ ಎಷ್ಟೋ ತಿಂಗಳು ಬರುತ್ತದೆ.

ಪಾಸಿಟಿವ್ ಬಂದ ಮಕ್ಕಳಲ್ಲಿ ಪಿನ್‌ವರ್ಮ್ ಎಂಬ ಸಣ್ಣ ಕರುಳ ಹುಳುವಿನ ಮೊಟ್ಟೆಗೂ ಗುದದ್ವಾರದ ಬಳಿ ಟೇಪ್ ಹಾಕಿ ನೋಡುತ್ತೇನೆ. ಆ ಮೊಟ್ಟೆಗಳಲ್ಲೇ ಡೈಎಂಟಮೀಬಾದ ಡಿಎನ್‌ಎ ಸಿಕ್ಕಿದೆ. ಅದರ ಮೂಲಕವೇ ಹರಡುತ್ತದೆಯೇ ಎಂಬುದು ಇನ್ನೂ ಖಚಿತವಿಲ್ಲ.

ಈ ಮಧ್ಯೆ ಟಿಬಿ ಸ್ಲೈಡ್ ನೋಡುವ ಎಲ್‌ಇಡಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಭೇದಿ ತರುವ ಇನ್ನೊಂದು ಪರಾವಲಂಬಿ ಸೈಕ್ಲೋಸ್ಪೋರಾ ಹುಡುಕಿದೆ. ಸ್ಟೇನೇ ಬೇಡ! ನೀಲಿ ಬೆಳಕಿಗೆ 8-10 ಮೈಕ್ರಾನಿನ ಹಸಿರು ಉಂಗುರಗಳು ತಾವಾಗಿಯೇ ಹೊಳೆಯುತ್ತವೆ. 1996ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಗ್ವಾಟೆಮಾಲಾದ ರಾಸ್ಪ್‌ಬೆರಿಯಿಂದ ಹರಡಿದ್ದು ಇದೇ. ವಾರಗಟ್ಟಲೆ ಭೇದಿಯಾಗಿ ರಿಪೋರ್ಟ್ ನಾರ್ಮಲ್ ಎಂದು ಮನೆಗೆ ಹೋದವರ ಸ್ಯಾಂಪಲ್‌ಗಳನ್ನು ಮತ್ತೆ ಕೇಳಿ ತರಿಸಿಕೊಂಡೆ.

ಬ್ಲಾಸ್ಟೋಸಿಸ್ಟಿಸ್ ಎಂಬ ಕರುಳಿನ ಏಕಕೋಶ ಜೀವಿ ಕಂಡ ಕೂಡಲೇ ಸ್ಲೈಡ್ ಇಳಿಸಿಬಿಡುವವರೇ ಹೆಚ್ಚು. ಅದು ಆರೋಗ್ಯವಂತರಲ್ಲೂ ಇರುತ್ತದೆ. ಅದನ್ನು ರಿಪೋರ್ಟಿನಲ್ಲಿ ಬರೆದು, ಅದೇ ಸ್ಲೈಡಿನಲ್ಲಿ ನಾನು ಇನ್ನೂ ನೂರಾರು ಫೀಲ್ಡ್ ನೋಡುತ್ತೇನೆ. ಡೈಎಂಟಮೀಬಾ ಎಷ್ಟೋ ಸಲ ಸಿಕ್ಕಿದ್ದು ಅಲ್ಲೇ.