ಟ್ರ್ಯಾಕ್ಟರ್‌ನಲ್ಲಿ ಬೈಕ್ ಹೊತ್ತೊಯ್ಯುವ ಬಗೆ

ದೂರದ ಹೊಲಕ್ಕೆ ಟ್ರ್ಯಾಕ್ಟರ್ ಒಯ್ದು ಅಲ್ಲಿಯೇ ಬಿಟ್ಟು ಬರಬೇಕಾದಾಗ, ಜೊತೆಗೊಂದು ಬೈಕ್ ಇದ್ದರೆ ಮರಳಿ ಬರಲು ಯಾರನ್ನೂ ಕಾಯಬೇಕಾಗಿಲ್ಲ. ಹೊಲದ ಓಡಾಟಕ್ಕೆ ಬಳಸುವ ಬೈಕ್‌ಗಳು ಸಾಮಾನ್ಯವಾಗಿ 100ರಿಂದ 130 ಕಿಲೋ ತೂಗುತ್ತವೆ. ಸಾಧಾರಣ ಟ್ರ್ಯಾಕ್ಟರ್‌ನ ಹೈಡ್ರಾಲಿಕ್‌ಗೆ ಇದೊಂದು ಭಾರವೇ ಅಲ್ಲ. ಆದ್ದರಿಂದಲೇ ಹಲವರು ಸಿಕ್ಕ ಹಗ್ಗದಲ್ಲಿ ಬಿಗಿದು ಹೊರಟುಬಿಡುತ್ತಾರೆ. ಆದರೆ ಬೈಕ್ ಬೀಳಿಸುವುದು ತೂಕವಲ್ಲ, ಕುಲುಕಾಟ. ಟ್ರ್ಯಾಕ್ಟರ್‌ನ ಹಿಂದಿನ ಆಕ್ಸಲ್‌ಗೆ ಸಾಮಾನ್ಯವಾಗಿ ಸಸ್ಪೆನ್ಷನ್ ಇರುವುದಿಲ್ಲ, ಬೈಕ್‌ಗೆ ಇರುತ್ತದೆ. ಹೀಗಾಗಿ ಪ್ರತಿ ಗುಂಡಿಯಲ್ಲೂ ಟ್ರ್ಯಾಕ್ಟರ್ ಕೊಡುವ ಏಟಿಗೆ ಬೈಕ್ ತನ್ನ ಸ್ಪ್ರಿಂಗ್‌ಗಳ ಮೇಲೆ ಕುಣಿಯುತ್ತದೆ, ಕುಣಿದಾಗಲೆಲ್ಲ ಕಟ್ಟು ಒಂದಿಷ್ಟು ಸಡಿಲವಾಗುತ್ತದೆ. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಕುಣಿತವನ್ನು ನಿಲ್ಲಿಸುವುದಕ್ಕಾಗಿಯೇ ಇವೆ.

ಹಿಂದೆ ಬೇರೆ ಉಪಕರಣ ಇಲ್ಲದಿದ್ದರೆ, ಮೂರು ಬಿಂದುಗಳ ಲಿಂಕೇಜ್‌ಗೆ (ಉಪಕರಣ ಸಿಕ್ಕಿಸುವ ಹಿಂಭಾಗದ ಮೂರು ತೋಳುಗಳಿಗೆ) ಜೋಡಿಸಿದ ಚೌಕಟ್ಟಿನ ಮೇಲೆ ಬೈಕನ್ನು ಅಡ್ಡಲಾಗಿ ನಿಲ್ಲಿಸುವುದೇ ಉತ್ತಮ. ಚೌಕಟ್ಟನ್ನು ನೆಲಕ್ಕೆ ಇಳಿಸಬಹುದಾದ್ದರಿಂದ ಬೈಕನ್ನು ಎತ್ತಿ ಹತ್ತಿಸುವ ಶ್ರಮ ಇರುವುದಿಲ್ಲ. ಲೋಡರ್ ಬಕೆಟ್‌ನಲ್ಲಿ ಮಲಗಿಸಿ ಒಯ್ಯುವ ರೂಢಿಯೂ ಇದೆ; ಅದರಲ್ಲಿ ಪೆಟ್ರೋಲ್ ಸೋರುತ್ತದೆ, ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳು ಮುರಿಯುತ್ತವೆ, ನೀರಿನ ಬ್ಯಾಟರಿಯಾದರೆ ಆಮ್ಲವೂ ಚೆಲ್ಲುತ್ತದೆ. ಮುಂದಿನ ಚಕ್ರವನ್ನು ಮಾತ್ರ ಎತ್ತಿ ಕಟ್ಟಿ, ಹಿಂದಿನದನ್ನು ನೆಲದ ಮೇಲೆ ಉರುಳಿಸಿಕೊಂಡು ಹೋಗುವುದೂ ಬೇಡ. ಟ್ರ್ಯಾಕ್ಟರ್ ರಿವರ್ಸ್ ಬಂದರೆ ಬೈಕ್ ಮಡಚಿಕೊಳ್ಳುತ್ತದೆ, ಅದು ಚಾಲಕನಿಗೆ ತಿಳಿಯುವುದೂ ತಡವಾಗಿ.

ಚೌಕಟ್ಟಿನ ಮುಖ್ಯ ಭಾಗ ಸುಮಾರು 2 ಮೀಟರ್ ಉದ್ದದ ಉಕ್ಕಿನ ಚಾನೆಲ್, ಅಂದರೆ ಮೇಲ್ಬದಿ ತೆರೆದ U ಆಕಾರದ ತೊಲೆ. ಅದರ ಒಳ ಅಗಲ 125ರಿಂದ 150 ಮಿಲಿಮೀಟರ್ ಇದ್ದರೆ ಹೆಚ್ಚಿನ ಟೈರ್‌ಗಳು ಆರಾಮವಾಗಿ ಕೂರುತ್ತವೆ. ಮುಂದಿನ ಚಕ್ರ ಸಿಕ್ಕಿಕೊಂಡು ನಿಲ್ಲುವಂತೆ ಒಂದು ತುದಿಯಲ್ಲಿ ತಡೆಯನ್ನು ಬೆಸೆಯಬೇಕು. ಇನ್ನೊಂದು ತುದಿ ಬೈಕ್ ಉರುಳಿಸಿ ತರಲು ತೆರೆದಿರಬೇಕು. ಲೋವರ್ ಲಿಂಕ್‌ಗಳ, ಅಂದರೆ ಕೆಳಗಿನ ಎರಡು ತೋಳುಗಳ ಪಿನ್, ಸಣ್ಣ ಟ್ರ್ಯಾಕ್ಟರ್‌ಗಳ ಲಿಂಕೇಜ್‌ನ ಒಂದನೇ ವರ್ಗದಲ್ಲಿ 22 ಮಿಲಿಮೀಟರ್, ಎರಡನೇ ವರ್ಗದಲ್ಲಿ 28 ಮಿಲಿಮೀಟರ್ ದಪ್ಪವಿರುತ್ತದೆ. 28ರ ರಂಧ್ರದಲ್ಲಿ 22ರ ಪಿನ್ ತೂರಿಸಿ ಕೆಲಸ ಸಾಗಿಸಿದರೆ ಆ ಸಂದಿಯ ಲಟಪಟವೆಲ್ಲ ಬೈಕಿಗೆ ಬಂದು ತಟ್ಟುತ್ತದೆ, ಆದ್ದರಿಂದ ಸಂದಿ ತುಂಬುವ ಬುಷ್ (ಉಕ್ಕಿನ ಕೊಳವೆ) ಹಾಕಿಯೇ ಜೋಡಿಸಬೇಕು. ಮೇಲಿನ ತೋಳಾದ ಟಾಪ್ ಲಿಂಕ್ ಬದಲು ಸರಪಳಿ ಕಟ್ಟುವ ಅಭ್ಯಾಸ ಇಲ್ಲಿ ಸಲ್ಲದು; ಸರಪಳಿ ಎಳೆತವನ್ನು ತಡೆಯುತ್ತದೆಯೇ ಹೊರತು ಚೌಕಟ್ಟು ಟ್ರ್ಯಾಕ್ಟರ್‌ನತ್ತ ಮಗುಚುವುದನ್ನು ತಡೆಯುವುದಿಲ್ಲ.

ಚಾನೆಲ್ ಎಷ್ಟು ಹಿಂದಿರಬೇಕು ಎಂಬುದನ್ನು ಹ್ಯಾಂಡಲ್ ನಿರ್ಧರಿಸುತ್ತದೆ. ಬೈಕ್ ಅಡ್ಡಲಾಗಿ ನಿಂತಾಗ ಸುಮಾರು 80 ಸೆಂಟಿಮೀಟರ್ ಅಗಲದ ಹ್ಯಾಂಡಲ್‌ನ ಅರ್ಧಭಾಗ ಟ್ರ್ಯಾಕ್ಟರ್‌ನ ಕಡೆಗೆ ಚಾಚಿಕೊಳ್ಳುತ್ತದೆ. ಲಿಂಕ್‌ಗಳು ಮೇಲೇರುವಾಗ ಕಮಾನಿನ ದಾರಿಯಲ್ಲಿ ಚಲಿಸುವುದರಿಂದ ಚೌಕಟ್ಟು ಒಂದೇ ಅಂತರದಲ್ಲಿ ಉಳಿಯುವುದಿಲ್ಲ, ಸಾಮಾನ್ಯವಾಗಿ ಟ್ರ್ಯಾಕ್ಟರ್‌ನತ್ತ ವಾಲುತ್ತದೆ ಕೂಡ. ನೆಲದ ಮೇಲೆ ಒಂದು ಗೇಣು ಅಂತರವಿದ್ದ ಹ್ಯಾಂಡಲ್, ಮೇಲೆತ್ತಿದಾಗ ಮಡ್‌ಗಾರ್ಡ್‌ಗೋ ದೀಪಕ್ಕೋ ತಾಗಬಹುದು. ಮೊದಲ ಸಲ ಬಹಳ ನಿಧಾನವಾಗಿ ಮೇಲೆತ್ತಿ ನೋಡಿ, ತಾಗುವಂತಿದ್ದರೆ ಟಾಪ್ ಲಿಂಕ್ ಉದ್ದ ಮಾಡಬೇಕು.

ಹಾಗೆಂದು ಅನಗತ್ಯವಾಗಿ ಹಿಂದಕ್ಕೆ ಸರಿಸಬಾರದು. ಬೈಕ್ 120 ಕಿಲೋ, ಚೌಕಟ್ಟು 50 ಕಿಲೋ, ಎರಡರ ಭಾರದ ಮಧ್ಯಬಿಂದು ಹಿಂದಿನ ಆಕ್ಸಲ್‌ನಿಂದ 1.35 ಮೀಟರ್ ದೂರದಲ್ಲಿದೆ, ಟ್ರ್ಯಾಕ್ಟರ್‌ನ ಎರಡು ಆಕ್ಸಲ್‌ಗಳ ನಡುವೆ 1.9 ಮೀಟರ್ ಇದೆ ಎಂದುಕೊಳ್ಳೋಣ. 170ನ್ನು 1.35ರಿಂದ ಗುಣಿಸಿ 1.9ರಿಂದ ಭಾಗಿಸಿದರೆ ಬರುವ ಸುಮಾರು 120 ಕಿಲೋ, ಮುಂದಿನ ಚಕ್ರಗಳ ಮೇಲಿನಿಂದ ಕಡಿಮೆಯಾಗುವ ಭಾರ. ಎರಡು ಟನ್ನಿನ ಟ್ರ್ಯಾಕ್ಟರ್‌ಗೆ ಇದು ಗೊತ್ತೂ ಆಗುವುದಿಲ್ಲ. 800 ಕಿಲೋದ ಪುಟ್ಟ ಟ್ರ್ಯಾಕ್ಟರ್ ಏರು ಹತ್ತುವಾಗ ಸ್ಟಿಯರಿಂಗ್ ಹಗುರವಾಗುವುದಕ್ಕೆ ಇಷ್ಟು ಸಾಕು. ಟ್ರ್ಯಾಕ್ಟರ್‌ನ ಸ್ವಂತ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಆಕ್ಸಲ್ ಮೇಲೆ ಉಳಿಯಬೇಕು ಎಂಬುದು ಪಾಲಿಸಬೇಕಾದ ಅಳತೆ. ಉಳಿಯದಿದ್ದರೆ ಮುಂದೆ ತೂಕದ ಬಿಲ್ಲೆಗಳನ್ನು ಹಾಕಬೇಕು.

ಬೈಕ್ ಏರಿಸುವ ಮೊದಲು ಪಿಟಿಓ (ಉಪಕರಣಗಳಿಗೆ ಎಂಜಿನ್ ಶಕ್ತಿ ಕೊಡುವ ತಿರುಗುವ ದಂಡ) ಬಂದ್ ಮಾಡಿ, ಚೌಕಟ್ಟನ್ನು ಪೂರ್ತಿ ನೆಲಕ್ಕಿಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಬೇಕು. ಎಂಜಿನ್ ಓಡುತ್ತಿರುವಾಗ ಟ್ರ್ಯಾಕ್ಟರ್ ಮತ್ತು ಚೌಕಟ್ಟಿನ ನಡುವೆ ಯಾರೂ ನಿಲ್ಲಬಾರದು. ಬೈಕನ್ನು ಓಡಿಸಿಕೊಂಡು ಹತ್ತಿಸದೆ ತಳ್ಳಿಯೇ ಏರಿಸಬೇಕು. ಕಾರ್ಬ್ಯುರೇಟರ್ ಇರುವ ಬೈಕ್ ಆದರೆ ಪೆಟ್ರೋಲ್ ಕಾಕ್ ಮುಚ್ಚುವುದನ್ನು ಮರೆಯಬಾರದು. ಕುಲುಕಾಟಕ್ಕೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಅಲುಗಾಡಿ ಪೆಟ್ರೋಲ್ ಉಕ್ಕುವುದು ಅಪರೂಪವಲ್ಲ.

ಕಟ್ಟಲು ಹಗ್ಗಕ್ಕಿಂತ, ಹಿಡಿಕೆ ಆಡಿಸಿ ಬಿಗಿಯುವ ರ‍್ಯಾಚೆಟ್ ಪಟ್ಟಿಗಳೇ ವಾಸಿ. ಮುಂಭಾಗಕ್ಕೆ ಎರಡು, ಹಿಂಭಾಗಕ್ಕೆ ಎರಡು ಪಟ್ಟಿ ಬೇಕು. ಮುಂದಿನ ಎರಡನ್ನು ಹ್ಯಾಂಡಲ್‌ನ ತುದಿಗೆ ಕಟ್ಟದೆ, ಫೋರ್ಕ್‌ಗಳನ್ನು (ಮುಂದಿನ ಚಕ್ರದ ಎರಡು ಬದಿಯ ಸ್ಪ್ರಿಂಗ್ ಕೊಳವೆಗಳನ್ನು) ಹಿಡಿದಿರುವ ಕೆಳಗಿನ ಕ್ಲಾಂಪ್‌ಗೆ ಸುತ್ತಿ, ಎರಡೂ ಬದಿಗೆ ಓರೆಯಾಗಿ ಕೆಳಕ್ಕೆ ಎಳೆಯಬೇಕು. ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಫೋರ್ಕ್ ತನ್ನ ಚಲನೆಯ ಅರ್ಧದಷ್ಟು ಕುಗ್ಗುವವರೆಗೆ ತರಬೇಕು. ಅದಕ್ಕಿಂತ ಕಡಿಮೆಯಾದರೆ ಗುಂಡಿಯಲ್ಲಿ ಫೋರ್ಕ್ ಒಳಗೆ ಹೋಗಿ ಪಟ್ಟಿಯ ಕೊಕ್ಕೆ ಕಳಚಿಕೊಳ್ಳುತ್ತದೆ, ಪೂರ್ತಿ ಕುಗ್ಗಿಸಿದರೆ ಫೋರ್ಕ್ ಸೀಲ್‌ಗಳಿಗೆ ಪೆಟ್ಟು. ಹಿಂದಿನ ಎರಡು ಪಟ್ಟಿಗಳು ಬೈಕಿನ ಚಾಸಿಗೆ. ಜೊತೆಗೆ ಹಿಂದಿನ ಚಕ್ರವನ್ನು ಚಾನೆಲ್‌ಗೇ ಸೇರಿಸಿ ಇನ್ನೊಂದು ಪಟ್ಟಿ ಬಿಗಿದರೆ ಬೈಕಿನ ಬಾಲ ಪಕ್ಕಕ್ಕೆ ಜಿಗಿಯುವುದು ನಿಲ್ಲುತ್ತದೆ. ಪಟ್ಟಿ ಬಿಸಿ ಸೈಲೆನ್ಸರ್‌ಗೆ ತಾಗಿದರೆ ಕರಗಿ ತುಂಡಾಗುತ್ತದೆ, ಉಳಿದ ತುದಿ ಜೋತಾಡಿದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ಬೈಕ್ ನಿಲ್ಲಿಸಿ ಕಟ್ಟುವುದು ಸುಲಭವಾಗಿ ಕಂಡರೂ, ಬಿಗಿತವೆಲ್ಲ ಆ ಒಂದು ಕಾಲಿನ ಮೇಲೆ ಬಿದ್ದು ಅದು ಬಾಗುತ್ತದೆ. ಸ್ಟ್ಯಾಂಡ್ ಮಡಚಿ, ಬೈಕ್ ನೆಟ್ಟಗೆ ನಿಲ್ಲುವಂತೆ ಬಿಗಿಯುವುದೇ ಸರಿ.

ಲಿಂಕೇಜನ್ನು ಡ್ರಾಫ್ಟ್ ಕಂಟ್ರೋಲ್‌ನಲ್ಲಿ (ಎಳೆತಕ್ಕೆ ತಕ್ಕಂತೆ ಎತ್ತರ ಬದಲಿಸುವ ವ್ಯವಸ್ಥೆ) ಬಿಡದೆ, ಇಟ್ಟ ಎತ್ತರದಲ್ಲೇ ನಿಲ್ಲಿಸುವ ಪೊಸಿಷನ್ ಕಂಟ್ರೋಲ್‌ನಲ್ಲಿಯೇ ಎತ್ತಬೇಕು. ಕೆಳಗಿನ ತೋಳುಗಳ ಅಕ್ಕಪಕ್ಕದ ಆಟ ತಡೆಯುವ ಚೆಕ್ ಚೈನ್‌ಗಳನ್ನು ಅಥವಾ ಸ್ಟೆಬಿಲೈಸರ್‌ಗಳನ್ನು ಚೌಕಟ್ಟು ಅಕ್ಕಪಕ್ಕಕ್ಕೆ ತೂಗದಷ್ಟು ಬಿಗಿಗೊಳಿಸಬೇಕು. ನೆಲದಿಂದ 30–40 ಸೆಂಟಿಮೀಟರ್ ಎತ್ತರ ಸಾಕು. ಕಾಲುವೆ, ಬದು ದಾಟುವಾಗ ಮಾತ್ರ ಇನ್ನಷ್ಟು ಎತ್ತಿದರಾಯಿತು. ಬೈಕ್ ಅಡ್ಡ ನಿಂತಾಗ ಹಲವು ಟ್ರ್ಯಾಕ್ಟರ್‌ಗಳ ಅಗಲವನ್ನು ಮೀರುತ್ತದೆ ಎಂಬುದು ಗೇಟಿನ ಕಂಬದ ಬಳಿ ನೆನಪಿರಬೇಕು, ತಿರುವಿನಲ್ಲಂತೂ ಹಿಂಭಾಗ ಹೊರಕ್ಕೆ ಬೀಸುತ್ತದೆ. ರಸ್ತೆಗೆ ಇಳಿಯುವುದಾದರೆ ಹಿಂದಿನ ದೀಪ ಮತ್ತು ನಂಬರ್ ಪ್ಲೇಟ್ ಮರೆಯಾಗಿವೆಯೇ ಎಂದು ನೋಡಿ, ಮರೆಯಾಗಿದ್ದರೆ ಚೌಕಟ್ಟಿನ ಮೇಲೆಯೇ ಬೇರೆ ದೀಪ, ಪ್ಲೇಟ್, ಪ್ರತಿಫಲಕ ಹಾಕಬೇಕು. ಹೊರಟು ಕೆಲವು ನೂರು ಮೀಟರ್ ಆದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು; ಮೊದಲ ಸಡಿಲಿಕೆ ಕಾಣುವುದು ಅಲ್ಲಿಯೇ.

ಹಿಂದೆ ಕೂರಿಗೆ ಅಥವಾ ಸ್ಪ್ರೇಯರ್ ಇದ್ದರೆ ಬೈಕ್‌ಗೆ ಉಳಿಯುವ ಜಾಗ ಮುಂಭಾಗ. ಮುಂದಿನ ತೂಕದ ಬ್ರಾಕೆಟ್‌ಗೆ ಬೋಲ್ಟ್ ಹಾಕಿದ ಚಾನೆಲ್ ಮೇಲೆ ನಿಂತ ಬೈಕ್ ಹಿಂದಿನ ಉಪಕರಣಕ್ಕೆ ಪ್ರತಿಭಾರವೂ ಆಗುತ್ತದೆ ಎಂಬುದು ಸಣ್ಣ ಲಾಭ. ಆದರೆ ಹೆಡ್‌ಲೈಟ್ ಮರೆಯಾಗುತ್ತದೆ, ರೇಡಿಯೇಟರ್‌ಗೆ ಗಾಳಿ ಕಡಿಮೆಯಾಗುತ್ತದೆ, ಚಾಲಕನಿಗೆ ಮುಂದಿನ ದಾರಿ ಕಾಣುವುದೂ ಕಷ್ಟ. ಈ ಚಾನೆಲ್ ನೆಲಕ್ಕಿಳಿಯುವುದಿಲ್ಲವಾದ್ದರಿಂದ ಇಳಿಜಾರು ಹಲಗೆ ಬೇಕು, ಜೊತೆಗೆ ಇನ್ನೊಬ್ಬರ ಕೈಯೂ ಬೇಕು. ಹಗಲಿನಲ್ಲಿ, ಹತ್ತಿರದ ಹೊಲಗಳ ನಡುವೆ ಮಾತ್ರ ಈ ದಾರಿ ಹಿಡಿಯುವುದು ಒಳ್ಳೆಯದು.

ಇಳಿಸುವಾಗ ಸಮತಟ್ಟಾದ ಜಾಗ ನೋಡಿ ಚೌಕಟ್ಟನ್ನು ನೆಲಕ್ಕೆ ಕೂರಿಸಿ, ಎಂಜಿನ್ ನಿಲ್ಲಿಸಿದ ಮೇಲೆಯೇ ಪಟ್ಟಿಗೆ ಕೈ ಹಾಕಬೇಕು. ಮೊದಲು ಹಿಂದಿನ ಪಟ್ಟಿಗಳನ್ನು ಬಿಚ್ಚಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಮುಂದಿನವನ್ನು ಬಿಡಬೇಕು. ಕುಗ್ಗಿದ ಫೋರ್ಕ್ ಒಮ್ಮೆಗೇ ಮೇಲಕ್ಕೆ ಚಿಮ್ಮುವುದರಿಂದ ಬೈಕ್ ವಾಲುವುದು ಹೆಚ್ಚಾಗಿ ಈ ಕ್ಷಣದಲ್ಲಿಯೇ.