ಅವರೇ ಕೇಳುವ ತನಕ ಎಕ್ಸ್ ಕೊಡಲಿಲ್ಲ: ಬಿಸಿನೆಸ್ ಮ್ಯಾಥ್ಸ್ ಕ್ಲಾಸಿನಲ್ಲಿ ನನ್ನ ಅನುಭವ

ಕಬ್ಬಿನ ಬಿಲ್ ಹಿಡಿದು ಗಣಿತ ಕಲಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಸರ, ಸಿಲಬಸ್ ಮುಗಿಸೂದು ಬಿಟ್ಟು ಇದೇನ್ರಿ?" ಅಂದರು ಹಿರಿಯರೊಬ್ಬರು. ಇನ್ನೊಬ್ಬರು, ಬಿಎ ಹುಡುಗರಿಗೆ ಗಣಿತ ಹತ್ತೋದಿಲ್ಲ, ಸುಮ್ನೆ ನೋಟ್ಸ್ ಕೊಟ್ಟು ಪಾಸ್ ಮಾಡಿಸಿ ಅಂದರು. ಕಳೆದ ಸಲದ ರಿಸಲ್ಟ್ ಬಂದ ಮೇಲೆ ಅದೇ ಹಿರಿಯರು ನನ್ನ ಹಾಳೆಗಳನ್ನು ಝೆರಾಕ್ಸ್ ಮಾಡಿಸಿಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮುಧೋಳ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಬಿಕಾಂ ಮೊದಲ ವರ್ಷದವರ ಜೊತೆ ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಬಿಎ ಹುಡುಗರೂ ಇದೇ ಕ್ಲಾಸಿಗೆ ಬರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಮಂದಿ ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಗಣಿತಕ್ಕೆ ಕೈಮುಗಿದವರು. ಪಿಯುದಲ್ಲಿ ಆರ್ಟ್ಸ್. ಸಿಲಬಸ್ ನಿಮಗೆ ಗೊತ್ತೇ ಇದೆ: ಶೇಕಡಾವಾರು, ಬಡ್ಡಿ, ಸಮೀಕರಣ, ಮ್ಯಾಟ್ರಿಕ್ಸ್, ಎಲ್‌ಪಿ (ಲೀನಿಯರ್ ಪ್ರೋಗ್ರಾಮಿಂಗ್, ಇರುವಷ್ಟರಲ್ಲೇ ಜಾಸ್ತಿ ಲಾಭ ಹುಡುಕುವ ಲೆಕ್ಕ), ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್.

ಮೊದಲ ವರ್ಷ ಪುಸ್ತಕದ ಪ್ರಕಾರವೇ ಹೋದೆ. 64 ಜನರಲ್ಲಿ 23 ಪಾಸೋ 24 ಪಾಸೋ, ಅಷ್ಟೇ. ಎರಡನೇ ವರ್ಷ ಪ್ರೊಜೆಕ್ಟರ್ ತಂದೆ. ಕೈಯಿಂದ ಸುಮಾರು 16 ಸಾವಿರ ಹೋಯಿತು. ನಮ್ಮ ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತೆ. ಅದರಲ್ಲಿ 16 ಸಾವಿರ ಅಂದರೆ ಎಷ್ಟು ಅಂತ ನಿಮಗೇ ಗೊತ್ತು. ಮಧ್ಯಾಹ್ನದ ಕ್ಲಾಸಿಗೆ ಕರೆಂಟು ಇರುತ್ತಿರಲಿಲ್ಲ. ಇದ್ದ ದಿನ ಕಿಟಕಿಯ ಬೆಳಕಿಗೆ ಗೋಡೆ ಮೇಲೆ ಏನೂ ಕಾಣುತ್ತಿರಲಿಲ್ಲ. ಹುಡುಗರು ಸ್ಲೈಡಿನ ಫೋಟೋ ಹೊಡೆದುಕೊಂಡು, ಬರೆಯೋದನ್ನೇ ಬಿಟ್ಟರು. ಆ ಪ್ರೊಜೆಕ್ಟರ್ ಈಗ ಮನೆಯಲ್ಲಿದೆ. ನನ್ನ ಮಗಳು ಕಾರ್ಟೂನ್ ನೋಡುತ್ತಾಳೆ.

ಅದೇ ವರ್ಷ ಬೆಳಿಗ್ಗೆ 8ಕ್ಕೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟೆ. ಊರಿನ ಬಸ್ಸು ಬರುವುದೇ ಒಂಬತ್ತೂವರೆ ಮೇಲೆ. ಬಂದವರು ಹಾಸ್ಟೆಲಿನ ಆರು ಹುಡುಗರು. ಮೂರನೇ ವರ್ಷ ಪ್ರಶ್ನೆ ಬ್ಯಾಂಕ್ ಮಾಡಿ ಬಾಯಿಪಾಠ ಹಾಕಿಸಿದೆ. ರಿಸಲ್ಟ್ ಸುಧಾರಿಸಿತು, 40ರ ಹತ್ತಿರ ಪಾಸಾದರು. ಪರೀಕ್ಷೆ ಮುಗಿದ ಎರಡು ತಿಂಗಳಿಗೆ ಅವರಲ್ಲೇ ಒಬ್ಬ ಹುಡುಗ ಅವ್ವನ ಸಂಘದ ಪಾಸ್‌ಬುಕ್ ತಂದು, "ಸರ, ಇದರಾಗ ಬಡ್ಡಿ ಎಷ್ಟ್ ಬಿದ್ದೈತ್ರಿ?" ಅಂತ ಕೇಳಿದ. ಬಡ್ಡಿಯ ಅಧ್ಯಾಯದಲ್ಲಿ ಅವನು 20ಕ್ಕೆ 18 ತಗೊಂಡಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಪಾಸ್‌ಬುಕ್ಕಿನಿಂದಲೇ ಶುರು ಮಾಡಿದೆ. ಮುಂದಿನ ಬ್ಯಾಚಿಗೆ ಮೊದಲ ವಾರ ಒಂದೇ ಕೆಲಸ ಹೇಳಿದೆ. ಮನೆಯಿಂದ ದುಡ್ಡಿನ ಲೆಕ್ಕ ಇರುವ ಒಂದು ಕಾಗದ ತರಬೇಕು. ಹೆಸರು, ಖಾತೆ ನಂಬರ್ ಮೇಲೆ ಬಿಳಿ ಚೀಟಿ ಅಂಟಿಸಿ ಝೆರಾಕ್ಸ್ ಮಾಡಿಸಬೇಕು. ಬಂದದ್ದು ಕಾರ್ಖಾನೆಯ ತೂಕದ ಚೀಟಿ, ಕಬ್ಬಿನ ಬಿಲ್, ಬಂಗಾರದ ಸಾಲದ ರಸೀದಿ, ಪಿಗ್ಮಿ ಪುಸ್ತಕ, ಮಹಾಲಿಂಗಪುರದ ಬೆಲ್ಲದ ಪೇಟೆಯ ಪಟ್ಟಿ, ಗೊಬ್ಬರದ ಅಂಗಡಿಯ ಉದ್ರಿ ಚೀಟಿ. 58 ಹುಡುಗರಿಂದ 50ರ ಮೇಲೆ ಕಾಗದ ಬಂತು. ಸಿಲಬಸ್ಸಿನ ಮುಕ್ಕಾಲು ಭಾಗ ಆ ರಾಶಿಯಲ್ಲೇ ಇತ್ತು.

ಎರಡನೇ ನಿಯಮ ನನಗೆ ನಾನೇ ಹಾಕಿಕೊಂಡದ್ದು. ಎಕ್ಸ್, ವೈ ನಾನಾಗಿ ಬೋರ್ಡಿನ ಮೇಲೆ ಬರೆಯುವುದಿಲ್ಲ. ಅವರು ಕೇಳಬೇಕು.

ಕಬ್ಬಿನ ದರದ ದಿನ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 340 ರೂಪಾಯಿ. ಅದು 10.25 ಶೇಕಡಾ ರಿಕವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ ಬಂದರೆ. ಅದರ ಮೇಲೆ ಪ್ರತಿ 0.1 ಶೇಕಡಾಕ್ಕೆ 3.32 ರೂಪಾಯಿ ಜಾಸ್ತಿ. ಕೆಳಗೆ ಇಳಿದರೆ ಅಷ್ಟೇ ಕಡಿಮೆ. ಆದರೆ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 315.10ಕ್ಕೆ ನಿಲ್ಲುತ್ತೆ. ನಮ್ಮ ಹುಡುಗರ ಬಾಯಲ್ಲಿ ಟನ್ನಿನ ಲೆಕ್ಕವೇ ಬರುವುದು. ಹಾಗಾಗಿ 3,400, ಮತ್ತು ಒಂದು ಪೂರಾ ಶೇಕಡಾಕ್ಕೆ 332.

ರಿಕವರಿಯ ಹದಿನೈದು ಬೇರೆ ಬೇರೆ ಅಂಕಿ ಕೊಟ್ಟು, ಪ್ರತಿ ಸಾಲಿನಲ್ಲೂ ಮಾತಿನಲ್ಲೇ ಬರೆಯಿರಿ ಅಂದೆ. "ಒಂದು ಟನ್ನಿನ ದರ ಅಂದರೆ 3,400, ಅದಕ್ಕೆ ರಿಕವರಿ 10.25ಕ್ಕಿಂತ ಎಷ್ಟು ಜಾಸ್ತಿಯೋ ಅದರ 332 ಪಟ್ಟು ಕೂಡಿಸಬೇಕು." ಹದಿನೈದು ಸಲ, ಪೂರ್ತಿ. ಬೆಂಚುಗಳಲ್ಲಿ ಗೊಣಗಾಟ ಶುರುವಾಯಿತು. ಆರನೇ ಸಾಲಿಗೋ ಏಳನೇ ಸಾಲಿಗೋ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ, ಪ್ರತಿ ಸಲ ಇಷ್ಟುದ್ದ ಬರೀಬೇಕೇನ್ರಿ? ರಿಕವರಿಗೆ ಬರೇ 'ರಿ' ಅಂತ ಬರದ್ರ ನಡಿತೈತೇನ್ರಿ?"

ಮೂರು ವರ್ಷ ಕಾದಿದ್ದೆ ಆ ಪ್ರಶ್ನೆಗೆ. ನಡಿತೈತಿ ಅಂದೆ. ಹಾಗಾದರೆ ದರಕ್ಕೆ 'ದ' ಅಂದ ಇನ್ನೊಬ್ಬ. ಹತ್ತು ನಿಮಿಷದಲ್ಲಿ ಬೋರ್ಡಿನ ಮೇಲೆ ದ = 332ರಿ − 3 ಅಂತ ನಿಂತಿತು. 332ನ್ನು 10.25ರಿಂದ ಗುಣಿಸಿದರೆ 3,403. ಅದಕ್ಕೇ ಆ ಮೈನಸ್ 3. ಒಬ್ಬ ಎದ್ದು, ರಿಕವರಿ ಸೊನ್ನೆ ಇದ್ದರೆ ರೈತನೇ ಕಾರ್ಖಾನೆಗೆ ಮೂರು ರೂಪಾಯಿ ಕೊಡಬೇಕಾ ಅಂತ ಕೇಳಿದ. ಸೂತ್ರ ಎಲ್ಲಿಂದ ಎಲ್ಲಿಯ ತನಕ ನಡೆಯುತ್ತೆ ಅನ್ನೋದು, ಪುಸ್ತಕದಲ್ಲಿ ಡೊಮೈನ್ ಅಂತ ನಾನು ಮೂರು ವರ್ಷ ಹೇಳಿ ಹೇಳಿ ಸೋತದ್ದು ಇದೇ. ಗ್ರಾಫಿನಲ್ಲಿ ಗೀಟು 9.5ರ ತನಕ ಮಾತ್ರ ಇಳಿಯುತ್ತೆ, ಅಲ್ಲಿಂದ ಎಡಕ್ಕೆ 3,151ರ ಮೇಲೆ ಮಟ್ಟಸವಾಗಿ ಮಲಗುತ್ತೆ. ಅದನ್ನು ಅವರೇ ಎಳೆದರು. ಮರುದಿನ ಒಬ್ಬ ಅಪ್ಪನ ಬಿಲ್ ತಂದು, ಇದರಲ್ಲಿ ಕಟಾವು ಮತ್ತು ಸಾಗಣೆ ಯಾಕೆ ಕಳೆದಿದ್ದಾರೆ ಅಂತ ಕೇಳಿದ. 'ದ'ದ ಸೂತ್ರಕ್ಕೆ ಇನ್ನೊಂದು ಮೈನಸ್ ಬಂತು. ಎಕ್ಸ್, ವೈ ಅಂತ ಅಕ್ಷರ ಬದಲಿಸಿದ್ದು ಇಂಟರ್ನಲ್ ಟೆಸ್ಟಿಗೆ ವಾರ ಇದ್ದಾಗ. ಯಾರೂ ಹೆದರಲಿಲ್ಲ.

ಬಡ್ಡಿಗೆ ಸಂಘದ ಸಾಲ. 10,000 ಸಾಲ, 12 ಕಂತು, 12 ಶೇಕಡಾ ಫ್ಲ್ಯಾಟ್, ಅಂದರೆ ಸಾಲ ತೀರುತ್ತಾ ಬಂದರೂ ಬಡ್ಡಿ ಪೂರ್ತಿ 10,000ದ ಮೇಲೇ. 11,200ನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 933. ಇಲ್ಲಿ ಸೂತ್ರ ಕೊಡಲೇ ಇಲ್ಲ. ತಿಂಗಳಿಗೆ ಎಷ್ಟು ಬಡ್ಡಿ ಹಾಕಿದರೆ 12ನೇ ಕಂತಿಗೆ ಬಾಕಿ ಸೊನ್ನೆ ಆಗುತ್ತೆ, ಹುಡುಕಿ ಅಂದೆ. ಒಂದು ಗುಂಪು ಒಂದೂವರೆ ಶೇಕಡಾ ಹಿಡಿಯಿತು. 200 ಚಿಲ್ಲರೆ ರೂಪಾಯಿ ಜಾಸ್ತಿ ಕಟ್ಟಿದಂತಾಯಿತು. ಇನ್ನೊಂದು ಗುಂಪು 2 ಹಿಡಿಯಿತು. 170ರ ಹತ್ತಿರ ಬಾಕಿ ಉಳಿಯಿತು. 1.8ಕ್ಕೆ ಬಂದಾಗ ಹತ್ತಿಪ್ಪತ್ತು ರೂಪಾಯಿಯ ಆಚೀಚೆ. ಅಂದರೆ ವರ್ಷಕ್ಕೆ 21 ಶೇಕಡಾ ದಾಟಿತು. 12 ಅಂತ ಹೇಳಿ ಕೊಟ್ಟ ಸಾಲ! ಕ್ಲಾಸು ಒಂದು ನಿಮಿಷ ಸುಮ್ಮನಾಯಿತು. ಎಷ್ಟೋ ಹುಡುಗರ ಮನೆಯಲ್ಲಿ ಆ ಕಂತು ನಡೆಯುತ್ತಿತ್ತು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ, ಸಮಾಜಶಾಸ್ತ್ರದ ಹುಡುಗಿಯರು ಇದೇ ಕೋಷ್ಟಕ ಹಿಡಿದು ತಮ್ಮ ಊರಿನ ಹನ್ನೆರಡು ಮನೆಗಳ ಸಾಲದ ಲೆಕ್ಕ ಮಾಡಿಕೊಂಡು ಬಂದರು. ನಾನು ಹೇಳಿರಲಿಲ್ಲ.

ಎಲ್ಲವೂ ಹೀಗೇ ಹೋಯಿತು ಅಂತಲ್ಲ. ಎಲ್‌ಪಿಗೆ ಮಗ್ಗ ಹಿಡಿದೆ, ಪೂರ್ತಿ ಸೋತೆ. ಒಬ್ಬ ಹುಡುಗಿಯ ತವರು ಗುಳೇದಗುಡ್ಡ. ಒಂದು ಮಗ್ಗದಲ್ಲಿ ಇಷ್ಟು ಖಣ (ಕುಪ್ಪಸದ ಬಟ್ಟೆ), ಇಷ್ಟು ಇಳಕಲ್ ಸೀರೆ ನೇಯ್ದರೆ ಜಾಸ್ತಿ ಲಾಭ ಯಾವಾಗ ಅಂತ ಚಂದದ ಪ್ರಶ್ನೆ ಕಟ್ಟಿದೆ. ಆಕೆ ಮನೆಗೆ ತಗೊಂಡು ಹೋದಳು. ಮರಳಿ ಬಂದು ಹೇಳಿದಳು, "ಸರ, ನಮ್ಮವ್ವ ನಕ್ಕಾಳ್ರಿ. ಖಣದ ಮಗ್ಗದಾಗ ಸೀರಿ ಹೆಂಗ್ ಬರ್ತೈತಿ ಅಂತ ಕೇಳಾಕತ್ತಾಳ್ರಿ." ಪನ್ನಾ (ಬಟ್ಟೆಯ ಅಗಲ) ಬೇರೆ, ಹಾಸು (ಉದ್ದದ ನೂಲು) ಬೇರೆ. ಒಮ್ಮೆ ಮಗ್ಗಕ್ಕೆ ಹಾಸು ಏರಿಸಿದರೆ ಅದು ಮುಗಿಯುವ ತನಕ ಅದೇ. ಬೆಳಿಗ್ಗೆ ಖಣ, ಸಂಜೆ ಸೀರೆ ಅನ್ನೋ ಮಾತೇ ಇಲ್ಲ. ಪುಸ್ತಕದಲ್ಲಿ ಕುರ್ಚಿ-ಟೇಬಲ್ ಅಂತ ಇದ್ದದ್ದನ್ನು ಖಣ-ಸೀರೆ ಮಾಡಿದ್ದೆ, ಅಷ್ಟೇ. ಆ ಹಾಳೆಯ 60 ಪ್ರತಿ ಹಾಳಾದವು.

ಆಮೇಲೆ ಹೊಲಕ್ಕೆ ಬಂದೆ. ಈ ಸಲ ಅಂಕಿ ನಾನು ಹಾಕಲಿಲ್ಲ, ಹುಡುಗರಿಂದಲೇ ಇಸಕೊಂಡೆ. 4 ಎಕರೆ ಹೊಲ. ತ್ರೀ ಫೇಸ್ ಕರೆಂಟು ದಿನಕ್ಕೆ 7 ತಾಸು, ವಾರದಲ್ಲಿ ಒಂದು ದಿನ ಏನಾದರೂ ಕೆಟ್ಟಿರುತ್ತೆ, ಅಂದರೆ 42 ತಾಸು. ಕಬ್ಬಿಗೆ ಎಕರೆಗೆ ವಾರಕ್ಕೆ 14 ತಾಸು ನೀರು, ಗೋವಿನಜೋಳ ಆಮೇಲೆ ಕಡಲೆ ಹಾಕಿದರೆ 6 ತಾಸು. ಖರ್ಚು ಕಳೆದು ವರ್ಷಕ್ಕೆ ಕಬ್ಬಿನಿಂದ ಎಕರೆಗೆ 60 ಸಾವಿರ, ಜೋಳ-ಕಡಲೆಯಿಂದ 35 ಸಾವಿರ. ಈ ಅಂಕಿಗಳ ಮೇಲೆ ಒಂದು ಇಡೀ ಪೀರಿಯಡ್ ಜಗಳ ನಡೆಯಿತು, ಬಿಟ್ಟೆ. ನೀರೇ ಸಾಕಾಗಲ್ಲ, ಎಲ್ಲ ಕಬ್ಬು ಹಾಕೋಕೆ ಆಗಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಎಷ್ಟು ಅನ್ನೋದಷ್ಟೇ ಗೊತ್ತಿರಲಿಲ್ಲ. ಗ್ರಾಫಿನಲ್ಲಿ ಹೊಲದ ಗೀಟು, ನೀರಿನ ಗೀಟು ಎರಡೂ ಕೂಡಿದ್ದು ಕಬ್ಬು 2.25 ಎಕರೆ ಇದ್ದಲ್ಲಿ. ನಾನು ದಶಮಾಂಶ ಬಿಡಿಸಿ ಹೇಳೋಕೆ ಮುಂಚೆಯೇ ಮುಂದಿನ ಬೆಂಚಿನವನು, "ಎರಡ ಎಕರೆ ಹತ್ತ ಗುಂಟೆ ಕಬ್ಬ, ಒಂದ ಎಕರೆ ಮೂವತ್ತ ಗುಂಟೆ ಜ್ವಾಳ" ಅಂದ. ಲಾಭ 1,96,250. ಮೂರು ಎಕರೆ ಬರೀ ಕಬ್ಬು ಹಾಕಿ ನೀರೆಲ್ಲ ಅದಕ್ಕೇ ಬಿಟ್ಟರೆ 1,80,000. ಎಲ್‌ಪಿಯಲ್ಲಿ ಹಿಂದೆಂದೂ ನನ್ನ ಕ್ಲಾಸಿನಲ್ಲಿ ಗ್ರಾಫ್ ಇಷ್ಟು ಸರಿಯಾಗಿ ಬಂದಿರಲಿಲ್ಲ.

ಸರಾಸರಿ, ಮೀಡಿಯನ್ (ಸಾಲಾಗಿ ಇಟ್ಟಾಗ ನಡುವೆ ಬರುವ ಅಂಕಿ) ಎರಡೇ ದಿನದ ಕೆಲಸ ಆಯಿತು. ಓಣಿಯ ಹತ್ತು ಮನೆಯ ಆದಾಯದಲ್ಲಿ ಒಂದು ಮನೆ ನಾಲ್ಕು ಟ್ರ್ಯಾಕ್ಟರ್ ಇದ್ದದ್ದು. ಅದೊಂದೇ ಸರಾಸರಿಯನ್ನು ಮೇಲೆ ಎಳೆಯುತ್ತೆ, ಮೀಡಿಯನ್ ಅನ್ನು ಎಳೆಯಲ್ಲ. ಬಿಎ ಹುಡುಗರು ಇದನ್ನು ಬಿಕಾಂನವರಿಗಿಂತ ಬೇಗ ಹಿಡಿದರು. ಮ್ಯಾಟ್ರಿಕ್ಸ್‌ಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಗೊಬ್ಬರದ ಅಂಗಡಿಯ ಚೀಟಿಗಳನ್ನು ಸಾಲು-ಕಂಬ ಮಾಡಿ ಗುಣಾಕಾರದ ತನಕ ಬಂದೆ. ಇನ್ವರ್ಸ್ ಬಂದಾಗ ಹಳೆ ಬಾಯಿಪಾಠಕ್ಕೇ ಹೋದೆ.

ಖರ್ಚಿನ ಮಾತು. ಒಂದು ಸೆಮಿಸ್ಟರಿಗೆ ಝೆರಾಕ್ಸ್ ಎರಡೂವರೆ ಸಾವಿರದ ಹತ್ತಿರ. ಅಂಗಡಿಯಲ್ಲಿ ಇಡುವಂಥ ದೊಡ್ಡ ಬಟನ್ನಿನ 12 ಅಂಕಿಯ ಕ್ಯಾಲ್ಕುಲೇಟರ್ 20, ಒಂದಕ್ಕೆ 150ರಂತೆ ಮೂರು ಸಾವಿರ. ಮೊಬೈಲ್ ಒಳಗೆ ಬಿಡುವುದಿಲ್ಲ. ಮೊಬೈಲ್ ತೆಗೆದರೆ ಲೆಕ್ಕದ ಜೊತೆ ರೀಲ್ಸೂ ಬರುತ್ತೆ. ಎಲ್ಲಕ್ಕಿಂತ ಚೆನ್ನಾಗಿ ದುಡಿದದ್ದು ಒಂದು ಫ್ಲೆಕ್ಸ್. ಬ್ಯಾನರ್ ಹಾಕುವವನ ಹತ್ತಿರ 8 ಅಡಿ ಉದ್ದ, 5 ಅಡಿ ಅಗಲದ ಗ್ರಾಫ್ ಚೌಕಟ್ಟು ಪ್ರಿಂಟ್ ಹಾಕಿಸಿದೆ, 500ರ ಆಸುಪಾಸು. ಗೋಡೆಗೆ ಕಟ್ಟಿ, ಬಣ್ಣದ ದಾರ ಎಳೆದು, ಹುಡುಗರಿಗೇ ದಾರ ಹಿಡಿಯಲು ಕೊಡುತ್ತೇನೆ. ದಾರ ಯಾಕೆ, ಮಾರ್ಕರ್ ಯಾಕಲ್ಲ ಅನ್ನೋದು ಎರಡು ಸಲ ಮಾಡಿ ನೋಡಿದರೆ ನಿಮಗೇ ತಿಳಿಯುತ್ತೆ. 16 ಸಾವಿರದ ಪ್ರೊಜೆಕ್ಟರ್ ಮಾಡದ ಕೆಲಸವನ್ನು ಇದು ಮಾಡಿತು.

ಎರಡು ವಿಷಯ ನಾನು ಇಲ್ಲಿ ಬರೆಯುವುದಿಲ್ಲ. ಮೊದಲ ದಿನ ಕೇಳುವ ಪ್ರಶ್ನೆ ಯಾವುದು ಅನ್ನೋದು ಒಂದು. ಮುಂದಿನ ಬ್ಯಾಚಿನ ಹುಡುಗರೂ ಇದನ್ನು ಓದುತ್ತಾರೆ, ಹೇಳಿದರೆ ಅದು ಕೆಲಸ ಮಾಡಲ್ಲ. ಗುಂಪುಗಳನ್ನು ಹೇಗೆ ಮಾಡುತ್ತೇನೆ ಅನ್ನೋದು ಇನ್ನೊಂದು. ಬಂದು ಕ್ಲಾಸಿನಲ್ಲಿ ಕೂತರೆ ತೋರಿಸುತ್ತೇನೆ, ಚಹಾನೂ ಕುಡಿಸುತ್ತೇನೆ.

ಸಿಲಬಸ್ ಮುಗಿಯಿತಾ? ಮುಗಿಯಿತು. ಮೊದಲ ಆರು ವಾರ ನಾನು ಬಹಳ ಹಿಂದೆ ಇದ್ದೆ. ಸ್ಟಾಫ್ ರೂಮಿನಲ್ಲಿ ತಲೆ ತಗ್ಗಿಸಿ ಕೂತಿದ್ದೂ ಉಂಟು. ಆ ಮೇಲಿನ ವಾರಗಳಲ್ಲಿ ಒಂದೊಂದು ಅಧ್ಯಾಯ ಮೂರು ನಾಲ್ಕು ಪೀರಿಯಡ್ಡಿನಲ್ಲಿ ಓಡಿತು. ನವೆಂಬರ್ ಬಂತು, ಕಬ್ಬು ನುರಿಸೋದು ಶುರುವಾಯಿತು, ಹುಡುಗರು ಹೊಲಕ್ಕೆ ಹೋದರು. ಹಿಂದಿನ ವರ್ಷಗಳಲ್ಲಿ ಆ ತಿಂಗಳು ಕ್ಲಾಸು ಖಾಲಿ. ಈ ಸಲ ಬರದವರು ತೂಕದ ಚೀಟಿಯ ಫೋಟೋ ಕಳಿಸಿ, ಲೆಕ್ಕ ಸರಿ ಇದೆಯಾ ನೋಡ್ರಿ ಅಂತ ಕೇಳಿದರು. 58 ಜನರಲ್ಲಿ 51 ಪಾಸಾದರು. ಫೇಲಾದ ಏಳು ಜನರಲ್ಲಿ ನಾಲ್ವರು ಪರೀಕ್ಷೆಗೇ ಬಂದಿರಲಿಲ್ಲ. 'ರಿ' ಅಂತ ಕೇಳಿದ ಹುಡುಗಿಗೆ ನೂರಕ್ಕೆ 80ರ ಮೇಲೆ ಬಂತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಆಕೆ ಎರಡನೇ ಸಲಕ್ಕೆ ಪಾಸಾದವಳು.

2025-26ಕ್ಕೆ ಎಫ್‌ಆರ್‌ಪಿ 355 ಆಗಿದೆ, 0.1ಕ್ಕೆ 3.46. ಹಾಳೆಗಳನ್ನೆಲ್ಲ ಹೊಸದಾಗಿ ತಿದ್ದಬೇಕು. ಫ್ಲೆಕ್ಸಿನ ಎರಡು ಮೂಲೆ ಹರಿದಿವೆ, ಈ ಸಲ ಅಂಚಿಗೆ ಹಿತ್ತಾಳೆ ಕಣ್ಣು ಹೊಡೆಸಿ ತರುತ್ತೇನೆ.