ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಮನೆ ಎಲ್ಲಿ ಮಾಡಬೇಕು?

ಮನೆ ಹುಡುಕುವವರೆಲ್ಲ ಬೆಳಗ್ಗಿನ ರೈಲಿನ ಲೆಕ್ಕ ಹಾಕುತ್ತಾರೆ. ಎಷ್ಟಕ್ಕೆ ಹೊರಟರೆ ಎಷ್ಟಕ್ಕೆ ಮೆಜೆಸ್ಟಿಕ್ ಅಂತ. ನಾನು 2011ರಿಂದ ಮಂಡ್ಯದಿಂದ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ನನ್ನನ್ನು ಕೇಳಿದರೆ ಮೊದಲು ಸಂಜೆಯ ಲೆಕ್ಕ ಹಾಕಿ ಎನ್ನುತ್ತೇನೆ. ಬೆಳಗ್ಗೆ ಬೇಗ ಏಳುವುದು ನಮ್ಮ ಕೈಯಲ್ಲಿದೆ. ಸಂಜೆ ಆಫೀಸಿನಿಂದ ಬಿಡುವುದು ನಮ್ಮ ಕೈಯಲ್ಲಿ ಇಲ್ಲ. ಒಂದು ರೈಲು ತಪ್ಪಿದರೆ ಮುಂದಿನದು ಎಷ್ಟಕ್ಕೆ? ಅದು ನಿಮ್ಮ ಊರಲ್ಲಿ ನಿಲ್ಲುತ್ತದಾ? ಇಳಿದ ಮೇಲೆ ಆ ಹೊತ್ತಲ್ಲಿ ಮನೆಗೆ ಹೇಗೆ ಹೋಗುತ್ತೀರಿ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬಾಡಿಗೆ ಮಾತಾಡಿ.

ನಾನು ಜಯನಗರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ನಮ್ಮ ಯಜಮಾನರ ಕೆಲಸ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್, ಬೆಂಗಳೂರು ಅದರ ಎರಡರಷ್ಟು. ಬೆಳಗ್ಗೆ ಒಂದೇ ಸ್ಟೇಷನ್‌ಗೆ ಇಬ್ಬರೂ ಹೋಗುತ್ತೇವೆ, ಅವರು ಆ ಕಡೆ, ನಾನು ಈ ಕಡೆ. ಗಂಡ ಹೆಂಡತಿ ಎರಡು ಊರಲ್ಲಿ ಕೆಲಸ ಮಾಡುವವರಿಗೆ ಮಂಡ್ಯದಷ್ಟು ಅನುಕೂಲದ ಜಾಗ ಈ ಲೈನಿನಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಅನುಭವ.

ಆದರೆ ಮೊದಲ ಮನೆ ಆರಿಸುವಾಗ ನಾವು ತಪ್ಪು ಮಾಡಿದೆವು. ಬ್ರೋಕರ್ ‘ಸ್ಟೇಷನ್‌ಗೆ ಐದು ನಿಮಿಷ’ ಎಂದಿದ್ದರು. ಅದು ಬೈಕಿನ ಐದು ನಿಮಿಷ. ನಡೆದರೆ ಇಪ್ಪತ್ತೆರಡು. ಮನೆ ಇದ್ದದ್ದು ಹಳಿಯ ಆಚೆ. ನಡುವೆ ಒಂದು ಕೆಳಸೇತುವೆ. ಜೋರು ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು. ಸುತ್ತು ಹಾಕಿ ಬರುವಷ್ಟರಲ್ಲಿ ರೈಲು ಹೋಗಿರುತ್ತಿತ್ತು. ಆ ಮಳೆಗಾಲದಲ್ಲಿ ನಾಲ್ಕು ಸಲ ನನ್ನ ಅರ್ಧ ದಿನದ ರಜೆ ಹೋಯಿತು. ಅದಕ್ಕೇ ಹೇಳುತ್ತೇನೆ: ಮನೆಗೂ ಪ್ಲಾಟ್‌ಫಾರಂಗೂ ನಡುವೆ ಗೇಟ್ ಇದೆಯಾ, ಕೆಳಸೇತುವೆ ಇದೆಯಾ, ಚರಂಡಿ ಉಕ್ಕುವ ರಸ್ತೆ ಇದೆಯಾ, ಕಣ್ಣಾರೆ ನೋಡಿ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ನೋಡಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ಬೀದಿಯೂ ಚೆಂದ.

ನಡೆದು ಹೋಗುವ ದೂರ ಎಂದರೆ ನನ್ನ ಲೆಕ್ಕದಲ್ಲಿ ಹದಿನೈದು ನಿಮಿಷ. ಅದರ ಮೇಲೆ ಆದರೆ ಗಾಡಿ ಬೇಕು. ಗಾಡಿ ಎಂದರೆ ಪಾರ್ಕಿಂಗ್, ಪೆಟ್ರೋಲು, ಬೆಳಗಿನ ಗಡಿಬಿಡಿ. ಸ್ಟೇಷನ್ ಹತ್ತಿರದ ಮನೆಗೆ ಬಾಡಿಗೆ ಎರಡು ಸಾವಿರ ಜಾಸ್ತಿ ಕೇಳಿದರೆ, ಗಾಡಿಯ ಖರ್ಚನ್ನು ಪಕ್ಕದಲ್ಲಿ ಬರೆದು ನೋಡಿ. ನಮಗೆ ಹೆಚ್ಚುಕಮ್ಮಿ ಸರಿಹೋಯಿತು. ರಾತ್ರಿ ಒಂಬತ್ತಕ್ಕೆ ಇಳಿದು ಒಬ್ಬಳೇ ನಡೆಯಬೇಕಾದ ಹೆಣ್ಣುಮಕ್ಕಳು ಬೀದಿದೀಪ ಮತ್ತು ತೆರೆದಿರುವ ಅಂಗಡಿಗಳನ್ನು ಎಣಿಸಿಕೊಂಡು ಬರಬೇಕು. ನಾನು ಮನೆ ನೋಡಲು ಯಾವಾಗಲೂ ರಾತ್ರಿ ಒಂದು ಸಲ ಹೋಗುತ್ತೇನೆ. ಹಗಲು ಗಿಜಿಗುಡುವ ಬೀದಿ ರಾತ್ರಿ ಬೇರೆಯೇ ಇರುತ್ತದೆ.

ಈಗ ಊರುಗಳ ಮಾತಿಗೆ ಬರೋಣ. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ದೂರ ಜಾಸ್ತಿ, ನಿಜ. ಆದರೆ ಮೈಸೂರಿಗೆ ಒಂದು ದೊಡ್ಡ ಲಾಭ ಇದೆ. ಚಾಮುಂಡಿ ಎಕ್ಸ್‌ಪ್ರೆಸ್ಸಿನಂಥ ರೈಲುಗಳು ಅಲ್ಲಿಂದಲೇ ಶುರುವಾಗುವುದರಿಂದ ಸೀಟು ಸಿಗುತ್ತದೆ. ಮಂಡ್ಯದಲ್ಲಿ ಹತ್ತುವ ಹೊತ್ತಿಗೆ ಜನರಲ್ ಬೋಗಿ ತುಂಬಿರುತ್ತದೆ. ಮದ್ದೂರು, ಚನ್ನಪಟ್ಟಣ, ರಾಮನಗರದಲ್ಲಿ ಬೆಳಗ್ಗೆ ಹತ್ತುವವರೇ ಹೊರತು ಇಳಿಯುವವರು ಕಡಿಮೆ. ನಾನು ಎಷ್ಟೋ ದಿನ ಕೆಂಗೇರಿ ತನಕ ನಿಂತೇ ಹೋಗಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಮಂಡ್ಯದಲ್ಲಿದ್ದವರು, ಸೊಂಟದ ನೋವು ಬಂದ ಮೇಲೆ ಮೈಸೂರಿಗೆ ಮನೆ ಬದಲಿಸಿದರು. ಮುಕ್ಕಾಲು ಗಂಟೆ ಜಾಸ್ತಿ ಪ್ರಯಾಣ, ಆದರೆ ಕೂತು, ಕಣ್ಣು ಮುಚ್ಚಿಕೊಂಡು. ಅವರ ಮಟ್ಟಿಗೆ ಅದೇ ಸರಿ. ಮನೆ ಆರಿಸುವಾಗ ಗಂಟೆ ಮಾತ್ರ ಎಣಿಸಬೇಡಿ, ಅದರಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದನ್ನೂ ಎಣಿಸಿ.

ಮೈಸೂರಿನಲ್ಲಿ ಮನೆ ಮಾಡುವವರು ಊರಿನ ಯಾವ ಭಾಗ ಎಂದು ನೋಡಬೇಕು. ಯಾದವಗಿರಿ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಮಂಡಿ ಮೊಹಲ್ಲಾ ದೊಡ್ಡ ಸ್ಟೇಷನ್‌ಗೆ ಹತ್ತಿರ. ಕುವೆಂಪುನಗರ, ಸರಸ್ವತಿಪುರಂ, ಕೃಷ್ಣಮೂರ್ತಿಪುರಂ ಕಡೆಯವರಿಗೆ ಚಾಮರಾಜಪುರಂ ಮತ್ತು ಅಶೋಕಪುರಂ ಸ್ಟೇಷನ್‌ಗಳಿವೆ. ಬೆಂಗಳೂರಿನ ಕೆಲವು ರೈಲುಗಳು ಈಗ ಅಶೋಕಪುರಂ ತನಕ ಬರುತ್ತವೆ. ಎಲ್ಲವೂ ಅಲ್ಲ. ನೀವು ದಿನಾ ಹಿಡಿಯುವ ರೈಲು ಅಲ್ಲಿಂದ ಹೊರಡುತ್ತದೆಯೇ ಎಂದು ನೋಡಿಕೊಂಡೇ ಅಡ್ವಾನ್ಸ್ ಕೊಡಿ. ನಾಗನಹಳ್ಳಿಯಲ್ಲಿ ದೊಡ್ಡ ಟರ್ಮಿನಲ್ ಬರುತ್ತದೆ ಎಂಬ ಮಾತು ವರ್ಷಗಳಿಂದ ಇದೆ. ಆ ಮಾತು ನಂಬಿ ಅಲ್ಲಿ ಮನೆ ಮಾಡಬೇಡಿ. ಇವತ್ತು ನಿಲ್ಲುವ ರೈಲು ಮಾತ್ರ ಲೆಕ್ಕಕ್ಕೆ.

ಶ್ರೀರಂಗಪಟ್ಟಣ ನನಗೆ ಇಷ್ಟದ ಜಾಗ. ಚಿಕ್ಕ ಊರು, ಸ್ಟೇಷನ್ ಊರೊಳಗೇ ಇದೆ, ಹೊಳೆ ಪಕ್ಕದಲ್ಲೇ ಇದೆ. ಆದರೆ ಎಲ್ಲ ಎಕ್ಸ್‌ಪ್ರೆಸ್ ರೈಲೂ ಅಲ್ಲಿ ನಿಲ್ಲುವುದಿಲ್ಲ. ಪಾಂಡವಪುರದ ಹೆಸರು ಕೇಳಿ ಮೋಸ ಹೋಗಬೇಡಿ. ರೈಲ್ವೆ ಸ್ಟೇಷನ್ ಇರುವುದು ಊರಿನಿಂದ ಕೆಲವು ಕಿಲೋಮೀಟರ್ ಆಚೆ. ಪಾಂಡವಪುರ ಪೇಟೆಯಲ್ಲಿ ಮನೆ ಮಾಡಿದರೆ ದಿನಾ ಎರಡು ಹೊತ್ತೂ ಬಸ್ಸೋ ಆಟೋನೋ ಬೇಕೇಬೇಕು. ಸ್ಟೇಷನ್ ಹತ್ತಿರವೇ ಮನೆ ಸಿಕ್ಕರೆ ಅದು ಬೇರೆ ಮಾತು.

ಯಲಿಯೂರು, ಬ್ಯಾಡರಹಳ್ಳಿ, ಹನಕೆರೆಯಂಥ ಸಣ್ಣ ಸ್ಟೇಷನ್‌ಗಳ ಹತ್ತಿರ ಬಾಡಿಗೆ ಕಡಿಮೆ, ಗಾಳಿ ಬೆಳಕು ಚೆನ್ನಾಗಿರುತ್ತದೆ. ಆದರೆ ಅಲ್ಲಿ ನಿಲ್ಲುವುದು ಪ್ಯಾಸೆಂಜರ್ ಮತ್ತು ಮೆಮು, ಅಂದರೆ ಸಣ್ಣ ಊರಲ್ಲೂ ನಿಲ್ಲುವ ಲೋಕಲ್ ಗಾಡಿಗಳು. ಸಂಜೆ ಒಂದು ಮೆಮು ತಪ್ಪಿತು ಎಂದರೆ ಮಂಡ್ಯದಲ್ಲೋ ಮದ್ದೂರಲ್ಲೋ ಇಳಿದು ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಬೈಕ್ ಓಡಿಸುವ ತಮ್ಮನೋ ಮಗನೋ ಇದ್ದರೆ ಧೈರ್ಯ ಮಾಡಬಹುದು. ಇಲ್ಲದಿದ್ದರೆ ಬೇಡ.

ಮದ್ದೂರು ಬೆಂಗಳೂರಿಗೆ ಮಂಡ್ಯಕ್ಕಿಂತ ಹತ್ತಿರ, ಮುಖ್ಯ ರೈಲುಗಳು ನಿಲ್ಲುತ್ತವೆ, ಬಾಡಿಗೆ ಮಂಡ್ಯಕ್ಕಿಂತ ಜಾಸ್ತಿಯೇನೂ ಇಲ್ಲ. ಇಬ್ಬರೂ ಬೆಂಗಳೂರಿನಲ್ಲೇ ಕೆಲಸ ಮಾಡುವವರಾದರೆ ಮೊದಲು ಮದ್ದೂರು ನೋಡಿ. ನಾವು ಮಂಡ್ಯ ಬಿಡದಿರುವುದಕ್ಕೆ ಯಜಮಾನರ ಮೈಸೂರು ಕೆಲಸ ಒಂದು ಕಾರಣ, ಮಗಳ ಶಾಲೆ ಮತ್ತು ದೊಡ್ಡ ಆಸ್ಪತ್ರೆ ಇನ್ನೊಂದು.

ಪಾಸಿನ ವಿಷಯ ಗೊತ್ತಿಲ್ಲದೆ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಸೀಸನ್ ಟಿಕೆಟ್ 150 ಕಿಲೋಮೀಟರ್ ತನಕ ಕೊಡುತ್ತಾರೆ. ಹಾಗಾಗಿ ಮೈಸೂರು–ಬೆಂಗಳೂರು ಪೂರ್ತಿ ಅದರೊಳಗೆ ಬರುತ್ತದೆ. ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು ದರ, ಅಂದರೆ ಸ್ವಲ್ಪ ಉಳಿತಾಯ. ಕೆಲಸ ಗಟ್ಟಿಯಾದ ಮೇಲೆ ಮೂರು ತಿಂಗಳದ್ದೇ ತೆಗೆದುಕೊಳ್ಳಿ. ಫೋನಿನಲ್ಲೂ ಮಾಡಿಸಬಹುದು. ಪಾಸ್ ಇದೆ ಎಂದು ಯಾವ ರೈಲಿಗೂ ಹತ್ತಬೇಡಿ. ಶತಾಬ್ದಿ, ವಂದೇ ಭಾರತ್‌ಗೆ ಅದು ನಡೆಯುವುದಿಲ್ಲ. ರಿಸರ್ವ್ ಬೋಗಿಗೂ ಸಾಮಾನ್ಯವಾಗಿ ನಡೆಯುವುದಿಲ್ಲ. ಸೂಪರ್‌ಫಾಸ್ಟ್ ರೈಲಿಗೆ ಹೆಚ್ಚುವರಿ ಶುಲ್ಕ ಬೇರೆ ಕಟ್ಟಬೇಕು. ಆದ್ದರಿಂದ ನಿಮ್ಮ ಊರಿನಲ್ಲಿ ಎಷ್ಟು ರೈಲು ನಿಲ್ಲುತ್ತವೆ ಎಂದು ಎಣಿಸುವಾಗ, ನಿಮ್ಮ ಪಾಸ್ ನಡೆಯುವ ರೈಲುಗಳನ್ನು ಮಾತ್ರ ಎಣಿಸಿ. ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಅದರಲ್ಲೂ ಸಂಜೆ ಐದೂವರೆಯಿಂದ ಎಂಟರೊಳಗೆ ಬೆಂಗಳೂರು ಬಿಡುವವು ಮಾತ್ರ ನಿಮಗೆ ಬೇಕಾದವು. ನಾವು ಹಳಬರು ಟಿಪ್ಪು ಎನ್ನುತ್ತಿದ್ದ ರೈಲಿಗೆ 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಎಂದು ಹೆಸರಾಯಿತು. ಒಳ್ಳೆಯ ರೈಲು, ಆದರೆ ಮಧ್ಯಾಹ್ನವೇ ಬೆಂಗಳೂರು ಬಿಡುತ್ತದೆ. ಆಫೀಸಿಗೆ ಹೋಗುವವರ ಲೆಕ್ಕದಲ್ಲಿ ಅದು ಇಲ್ಲ. ಸಂಜೆ ಆರು ದಾಟಿದ ಮೇಲೆ ಹೊರಡುವ ಚಾಮುಂಡಿಯೇ ನಮಗೆಲ್ಲ ಆಧಾರ. ಅದು ತಪ್ಪಿದರೆ ಮುಂದೇನು ಎನ್ನುವುದೇ ಮುಖ್ಯ ಪ್ರಶ್ನೆ. ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ, ಹೊಸದನ್ನೇ ನೋಡಿ.

ಬೆಂಗಳೂರಿನಲ್ಲಿ ಇಳಿದ ಮೇಲಿನ ದಾರಿಯನ್ನು ಮರೆಯಬೇಡಿ. ನನ್ನ ಆಫೀಸು ಜಯನಗರದಲ್ಲಿ ಇರುವುದರಿಂದ ಮೆಜೆಸ್ಟಿಕ್‌ನಲ್ಲಿ ಹಸಿರು ಮೆಟ್ರೋ ಹತ್ತುತ್ತೇನೆ. 2017ರಲ್ಲಿ ಆ ಮೆಟ್ರೋ ಬರುವ ಮುಂಚೆ ಸಿಟಿ ಬಸ್ಸಿನಲ್ಲಿ ಒಂದು ಗಂಟೆ ಹೋಗುತ್ತಿತ್ತು. ಆ ಗಂಟೆ ನೆನೆದರೆ ಇವತ್ತಿಗೂ ಸುಸ್ತಾಗುತ್ತದೆ. ವಿಜಯನಗರ, ಅತ್ತಿಗುಪ್ಪೆ ಕಡೆ ಕೆಲಸ ಇದ್ದರೆ ಮೆಜೆಸ್ಟಿಕ್ ತನಕ ಹೋಗಬೇಕಿಲ್ಲ. ಜ್ಞಾನಭಾರತಿ, ನಾಯಂಡಹಳ್ಳಿ ಸ್ಟೇಷನ್‌ಗಳ ಹತ್ತಿರವೇ ನೇರಳೆ ಮೆಟ್ರೋ ಇದೆ. ಆದರೆ ಅಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ. ಕೆಂಗೇರಿಯಲ್ಲಿ ಹೆಚ್ಚು ರೈಲು ನಿಲ್ಲುತ್ತವೆ, ಅಲ್ಲಿ ಮೆಟ್ರೋಗೆ ಸ್ವಲ್ಪ ನಡೆಯಬೇಕು. ನೇರಳೆ ಲೈನು 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್ ತನಕ ಒಂದೇ ಸಮ ಹೋಗುತ್ತದೆ, ನಿಜ. ಹಾಗಂತ ಮಂಡ್ಯದಲ್ಲಿದ್ದು ದಿನಾ ವೈಟ್‌ಫೀಲ್ಡ್‌ಗೆ ಹೋಗುತ್ತೇನೆ ಎನ್ನಬೇಡಿ. ರೈಲಿನಲ್ಲಿ ಕೂತಷ್ಟೇ ಹೊತ್ತು ಮೆಟ್ರೋದಲ್ಲೂ ಕೂರಬೇಕಾಗುತ್ತದೆ. ನಮ್ಮ ಗುಂಪಿನಲ್ಲಿ ಪ್ರಯತ್ನ ಮಾಡಿದ ಇಬ್ಬರು ಹುಡುಗರು ಮೂರು ತಿಂಗಳಲ್ಲಿ ಬೆಂಗಳೂರಿನಲ್ಲೇ ರೂಮು ಮಾಡಿದರು. ವಾರಕ್ಕೆ ಎರಡು ದಿನ ಆಫೀಸು ಅಂದರೆ ಆಗಬಹುದು.

ರೈಲು ಬೇಡ, ಹೆದ್ದಾರಿ ಇದೆಯಲ್ಲ ಎನ್ನುವವರಿದ್ದಾರೆ. 2023ರ ಮಾರ್ಚ್‌ನಲ್ಲಿ ಆದ ಹೊಸ ರಸ್ತೆಯಲ್ಲಿ ಕಾರು ಬೇಗ ಹೋಗುತ್ತದೆ, ಕೆಂಗೇರಿ ಹತ್ತಿರ ಬಂದ ಮೇಲೆ ನಿಲ್ಲುತ್ತದೆ. ಬೈಕಿಗೆ ಅದೇ ವರ್ಷ ಆಗಸ್ಟ್‌ನಿಂದ ಆ ರಸ್ತೆಯಲ್ಲಿ ಅವಕಾಶ ಇಲ್ಲ. ಆದರೂ ಬಸ್ಸಿನ ದಾರಿ ತಿಳಿದಿರಲಿ. ಕಾವೇರಿ ಗಲಾಟೆ ಆದಾಗ ನಮ್ಮ ಜಿಲ್ಲೆಯಲ್ಲಿ ಮೊದಲು ನಿಲ್ಲುವುದೇ ರಸ್ತೆ ಇಲ್ಲವೇ ರೈಲು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿ ಮೇಲೆ ನೀರು ನಿಂತಾಗ ಬಸ್ಸಿನವರೆಲ್ಲ ಪರದಾಡಿದರು. ಹಾಗಾಗಿ ರಸ್ತೆ, ರೈಲು ಎರಡೂ ದಾರಿ ಇರುವ ಊರು ಒಳ್ಳೆಯದು. ಮಂಡ್ಯ, ಮದ್ದೂರಿಗೆ ಆ ಅನುಕೂಲ ಇದೆ.

ಒಂದು ಊರು ಮನಸ್ಸಿಗೆ ಬಂದ ಮೇಲೆ ಸುಮ್ನೆ ಒಪ್ಪಿಕೊಳ್ಳಬೇಡಿ. ಅಲ್ಲಿ ನೆಂಟರೋ ಗೆಳೆಯರೋ ಇದ್ದರೆ ಒಂದು ರಾತ್ರಿ ಉಳಿದುಕೊಂಡು ಸೋಮವಾರ ಬೆಳಗ್ಗೆ ಹೊರಡಿ. ಸೋಮವಾರದ ಜನ ಬೇರೆ ದಿನಕ್ಕಿಂತ ಜಾಸ್ತಿ, ಊರಿಗೆ ಬಂದು ವಾಪಸ್ ಹೋಗುವವರು ಸೇರಿರುತ್ತಾರೆ. ಶನಿವಾರ ಸಂಜೆಯ ವಾಪಸ್ ಪ್ರಯಾಣವನ್ನೂ ನೋಡಿ. ಮನೆ ಬಾಗಿಲಿನಿಂದ ಪ್ಲಾಟ್‌ಫಾರಂ ತನಕ ಊಟದ ಡಬ್ಬಿ, ನೀರಿನ ಬಾಟಲಿ ಇರುವ ಬ್ಯಾಗು ಹೊತ್ತು ನಡೆಯಿರಿ. ಮೇಲ್ಸೇತುವೆ ಹತ್ತಿ ಇಳಿಯುವ ಹೊತ್ತನ್ನೂ ಸೇರಿಸಿ. ಜನರಲ್ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ದಿನಾ ಹೋಗುವವರನ್ನು ಕೇಳಿ. ಅವರು ಖುಷಿಯಿಂದ ಹೇಳುತ್ತಾರೆ, ಮರುದಿನ ಜಾಗವನ್ನೂ ಹಿಡಿದಿಡುತ್ತಾರೆ. ನನಗೆ ಹಾಗೆ ಸಿಕ್ಕ ಗೆಳತಿಯರು ಇವತ್ತಿಗೂ ಜೊತೆಗಿದ್ದಾರೆ. ಮಗಳು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳ ತನಕ ನನ್ನನ್ನು ಒಂದು ದಿನವೂ ನಿಲ್ಲಲು ಬಿಟ್ಟಿರಲಿಲ್ಲ.

ಕೊನೆಗೆ ಮನೆಯ ಬಗ್ಗೆ ಒಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ನಲ್ಲಿ ನೀರು ಎಷ್ಟು ಗಂಟೆಗೆ ಬಿಡುತ್ತಾರೆ? ಬೆಳಗ್ಗೆ ಎಂಟಕ್ಕೆ ಬಿಟ್ಟರೆ ನೀವಿಬ್ಬರೂ ರೈಲಿನಲ್ಲಿರುತ್ತೀರಿ, ಹಿಡಿಯುವವರು ಯಾರು? ಸಂಪ್ ಇದೆಯಾ, ಅದಕ್ಕೆ ತಾನಾಗಿ ತುಂಬುತ್ತದಾ? ಶಾಲೆಯ ವ್ಯಾನು ನೀವು ಹೊರಟ ಎಷ್ಟು ಹೊತ್ತಿನ ಮೇಲೆ ಬರುತ್ತದೆ, ಆ ತನಕ ಮಗು ಯಾರ ಹತ್ತಿರ? ನಾವು ಈಗಿನ ಮನೆ ಒಪ್ಪಿದ್ದು ಸ್ಟೇಷನ್‌ಗೆ ಹನ್ನೊಂದು ನಿಮಿಷ ಎಂಬುದರ ಜೊತೆಗೆ, ಕೆಳಗಿನ ಮನೆಯಲ್ಲಿ ಮಾಲೀಕರ ತಾಯಿ ಇದ್ದಾರೆ ಎಂಬ ಕಾರಣಕ್ಕೆ. ಏಳು ಗಂಟೆಗೆ ನಾನು ಗೇಟು ಹಾಕುವಾಗ ಅಜ್ಜಿ ಬಾಗಿಲಿಗೆ ಬಂದು ‘ನೀನು ಹೊರಡು, ಜಡೆ ನಾನು ಹಾಕುತ್ತೇನೆ’ ಎನ್ನುತ್ತಾರೆ.